ಆಸ್ಪತ್ರೆ ಬಾಗಿಲಿಗೆ ಬರುವ ಮೊದಲು

ರಾಯಚೂರಿನ ರಿಮ್ಸ್ ಬೋಧಕ ಆಸ್ಪತ್ರೆಗೆ ಹತ್ತಿರದ ಮಟಮಾರಿಯ ಕೂಸೂ ಬರುತ್ತದೆ, ಐವತ್ತು ಕಿ.ಮೀ. ಆಸುಪಾಸಿನ ದೇವದುರ್ಗ, ಮಾನ್ವಿಗಳ ಕೂಸೂ ಬರುತ್ತದೆ. ಜೀವ ಉಳಿಯದಿದ್ದರೆ ಕೇಸ್‌ಶೀಟಿನಲ್ಲಿ ನ್ಯುಮೋನಿಯಾ, ವಾಂತಿಭೇದಿ, ನಂಜು ಎಂದು ದಾಖಲಾಗುತ್ತದೆ. ಆದರೆ ಅದು ಕೊನೆಯ ಕಾರಣವಷ್ಟೇ. ಕುಡಿದ ನೀರು, ಸಿಗದ ಊಟ, ಮೀರಿಹೋದ ಹೊತ್ತು ಅದಕ್ಕೂ ಮೊದಲೇ ಕೆಲಸ ಮಾಡಿರುತ್ತವೆ.

2022ರ ಬೇಸಿಗೆಯಲ್ಲಿ ರಾಯಚೂರು ನಗರದಲ್ಲೇ ನಲ್ಲಿಯ ಕಲುಷಿತ ನೀರು ಜೀವ ತೆಗೆಯಿತು. 2023ರ ಮೇ ತಿಂಗಳಲ್ಲಿ ದೇವದುರ್ಗ ತಾಲ್ಲೂಕಿನ ರೇಕಲಮರಡಿಯಲ್ಲಿ ಹಲವರು ವಾಂತಿಭೇದಿಯಿಂದ ಆಸ್ಪತ್ರೆ ಸೇರಿದರು, ಒಂದು ಮಗು ತೀರಿಕೊಂಡಿತು. ಭೇದಿಯಾದಾಗ ಮಗುವಿನ ಮೈಯ ನೀರು, ಉಪ್ಪು ಎರಡೂ ಬತ್ತುತ್ತವೆ. ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಾಗ ಮಡಿಕೆ ಎರಡು ಸೆಕೆಂಡಾದರೂ ಇಳಿಯದಿದ್ದರೆ, ಕಣ್ಣು ಗುಳಿಬಿದ್ದಿದ್ದರೆ ಸ್ಥಿತಿ ಗಂಭೀರ. ಒಆರ್‌ಎಸ್ ಕುಡಿಸುತ್ತಲೇ ಹೊರಡಬೇಕು.

2011ರಲ್ಲಿ ಈ ಜಿಲ್ಲೆಯ ಅಪೌಷ್ಟಿಕ ಮಕ್ಕಳ ಸಾವಿನ ಸುದ್ದಿ ರಾಜ್ಯವನ್ನೇ ಬೆಚ್ಚಿಬೀಳಿಸಿತ್ತು. ಮುಂದೆ ಮಕ್ಕಳ ಅಪೌಷ್ಟಿಕತೆ ತಡೆಗೆಂದು ನ್ಯಾಯಮೂರ್ತಿ ಎನ್.ಕೆ. ಪಾಟೀಲ ಸಮಿತಿ ಬಂತು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಐದು ವರ್ಷದೊಳಗಿನ ಮಕ್ಕಳ ಸಾವಿನಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಅಪೌಷ್ಟಿಕತೆಯ ನಂಟಿದೆ. ಆರು ತಿಂಗಳು ದಾಟಿದ ಮಗುವಿನ ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಅದು ತೀವ್ರ ಅಪೌಷ್ಟಿಕತೆ. ಅಂಥ ಮಗುವಿಗೆ ಜ್ವರ ಬಾರದೆಯೂ ಸೋಂಕು ಏರಬಹುದು. ಮೈ ತಣ್ಣಗಾಗಿ, ರಕ್ತದ ಸಕ್ಕರೆ ಕುಸಿಯಬಹುದು. ಅವಸರದಲ್ಲಿ ಹೆಚ್ಚು ಸಲೈನ್ ಏರಿಸಿದರೆ ಸೋತ ಹೃದಯ ತಾಳದು.

ಹಸುಗೂಸುಗಳನ್ನು ಕಾಡುವುದು ಅವಧಿಗೆ ಮೊದಲಿನ ಹೆರಿಗೆ, ಹುಟ್ಟುವಾಗ ಉಸಿರುಕಟ್ಟುವಿಕೆ, ನಂಜು. ಸಾಗಿಸುವಾಗ ತಾಯಿಯ ಬರಿಯೆದೆಗೆ ಅಪ್ಪಿಸಿ ಬೆಚ್ಚಗಿಡುವುದನ್ನು ಮರೆಯಬಾರದು.

ಆಸ್ಪತ್ರೆಯೊಳಗಿನ ತಡವೂ ಸಣ್ಣದಲ್ಲ. ಆಫ್ರಿಕಾದ ಮಲಾವಿ ದೇಶದ ಬ್ಲಾಂಟೈರ್ ನಗರದ ಆಸ್ಪತ್ರೆಯಲ್ಲಿ ಮಕ್ಕಳನ್ನು ಸರದಿಯಲ್ಲಿ ಕೂರಿಸುವ ಬದಲು, ಬಾಗಿಲಲ್ಲೇ ಉಸಿರು, ರಕ್ತಸಂಚಾರ, ಪ್ರಜ್ಞೆ ನೋಡಿ ಅಪಾಯದಲ್ಲಿದ್ದವರನ್ನು ಮೊದಲು ಒಳಗೆ ಕರೆದರು. ದಾಖಲಾದ ಮಕ್ಕಳಲ್ಲಿ ಶೇ 10ರಿಂದ 18ರಷ್ಟಿದ್ದ ಸಾವು ಶೇ 6ರಿಂದ 8ಕ್ಕೆ ಇಳಿಯಿತು.

ಈ ವಿಂಗಡಣೆ ಊರಲ್ಲೇ ಶುರುವಾಗಬಹುದು. ಎರಡು ತಿಂಗಳೊಳಗಿನ ಕೂಸು ನಿಮಿಷಕ್ಕೆ 60, ವರ್ಷದೊಳಗಿನದು 50, ಐದು ವರ್ಷದೊಳಗಿನದು 40 ಅಥವಾ ಹೆಚ್ಚು ಸಲ ಉಸಿರಾಡಿದರೆ, ಪಕ್ಕೆ ಒಳಸೆಳೆದರೆ, ಮೊಲೆ ಹಿಡಿಯದಿದ್ದರೆ ಬರೆ ಹಾಕಿಸುವುದಾಗಲೀ ಬೆಳಗಾಗಲೆಂದು ಕಾಯುವುದಾಗಲೀ ಕೂಡದು. 108ಕ್ಕೆ ಕರೆ ಮಾಡಬೇಕು. ಉಸಿರು ಎಣಿಸಲು ಆಶಾ ಕಾರ್ಯಕರ್ತೆಯ ಕೈಗಡಿಯಾರ ಸಾಕು. ಆದರೆ ಶುದ್ಧ ನೀರು, ಅಂಗನವಾಡಿಯ ಊಟ, ರಾತ್ರಿಯೂ ಆಮ್ಲಜನಕ ಸಿಗುವ ತಾಲ್ಲೂಕು ಆಸ್ಪತ್ರೆ ತಾಯಿಯ ಕೈಲಿಲ್ಲ. ಅದಕ್ಕೆ ಸರ್ಕಾರವೇ ಉತ್ತರ ಹೇಳಬೇಕು.