ಕರುವಿನೆತ್ತರದ ನಾಯಿ

ಭದ್ರಾವತಿಯಲ್ಲಿ ನಮ್ಮ ನೆರೆಮನೆಯವರು ಗ್ರೇಟ್ ಡೇನ್ ತಳಿಯ ನಾಯಿಯೊಂದನ್ನು ಸಾಕಿದ್ದರು. ನಾಲ್ಕು ಕಾಲಿನ ಮೇಲೆ ನಿಂತರೆ ಅದರ ಬೆನ್ನು ಊಟದ ಮೇಜಿನ ಮಟ್ಟವನ್ನು ಮುಟ್ಟುತ್ತಿತ್ತು. ತೂಕ 60 ಕಿಲೋಗ್ರಾಮಿಗೆ ಕಡಮೆಯಿರಲಿಲ್ಲ. ಬೀದಿಯ ಮಕ್ಕಳು ಅದನ್ನು ‘ಕರು’ ಎಂದೇ ಕರೆಯುತ್ತಿದ್ದರು. ಗಾತ್ರವನ್ನು ಕಂಡು ಹೆದರಿದವರು ಸ್ವಭಾವವನ್ನು ಕಂಡು ನಗುತ್ತಿದ್ದರು. ಅಷ್ಟು ಸಾಧು ಪ್ರಾಣಿ ಅದು.

ಒಂದು ಬೇಸಗೆಯ ರಾತ್ರಿ, ಊಟ ಮುಗಿದು ಒಂದು ಗಂಟೆ ಕಳೆದಿರಬಹುದು, ನಾಯಿ ಅಂಗಳದಲ್ಲಿ ನಿಂತಲ್ಲಿ ನಿಲ್ಲಲಾರದೆ ಅತ್ತಿಂದಿತ್ತ ತಿರುಗತೊಡಗಿತು. ಮತ್ತೆ ಮತ್ತೆ ವಾಂತಿಗೆ ಯತ್ನಿಸಿತು. ನೊರೆಯ ಹೊರತು ಏನೂ ಬರಲಿಲ್ಲ. ಹೊಟ್ಟೆ ಉಬ್ಬಿ, ಬೆರಳಿನಿಂದ ತಟ್ಟಿದರೆ ತಮಟೆಯಂತೆ ಸದ್ದು ಮಾಡುತ್ತಿತ್ತು. “ಅಜೀರ್ಣವಿರಬೇಕು, ಬೆಳಗಿನ ತನಕ ನೋಡೋಣ” ಎಂದರು ಮನೆಯ ಯಜಮಾನರು. ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನಲ್ಲಿ ಓದುತ್ತಿದ್ದ ಅವರ ಮಗಳು ಮಾತ್ರ ಒಪ್ಪಲಿಲ್ಲ. “ಬೆಳಗಿನ ತನಕ ಇದು ಉಳಿಯುವುದಿಲ್ಲ ಅಪ್ಪಾ. ಈಗಲೇ ಹೊರಡಬೇಕು” ಎಂದಳು.

ಹೊರಡುವುದೇನೂ ಸುಲಭವಾಗಿರಲಿಲ್ಲ. ನಡೆಯಲಾರದ 60 ಕಿಲೋಗ್ರಾಂ ತೂಕದ ಪ್ರಾಣಿಯನ್ನು ಒಬ್ಬರು ಎತ್ತಲಾರರು. ಜಮಖಾನದ ಮೇಲೆ ಮಲಗಿಸಿ, ನಾಲ್ಕು ಮೂಲೆಗಳನ್ನು ನಾಲ್ವರು ಹಿಡಿದು ವಾಹನಕ್ಕೆ ಏರಿಸಿದೆವು. ಶಿವಮೊಗ್ಗಕ್ಕೆ ಸುಮಾರು 20 ಕಿಲೋಮೀಟರ್ ದಾರಿ. ಹೊಟ್ಟೆಯನ್ನು ತೆರೆದು ನೋಡಿದ ವೈದ್ಯರಿಗೆ, ಹಿಂಡಿದ ಬಟ್ಟೆಯಂತೆ ಜಠರವು ತನ್ನ ಸುತ್ತ ತಾನೇ ತಿರುಚಿಕೊಂಡಿದ್ದುದು ಕಂಡಿತು. ಶಸ್ತ್ರಚಿಕಿತ್ಸೆ ಸಫಲವಾಯಿತು, ನಾಯಿ ಬದುಕಿತು. ಇನ್ನು ಕೆಲವು ಗಂಟೆ ತಡವಾಗಿದ್ದರೆ ಬದುಕುತ್ತಿರಲಿಲ್ಲ.

ಬೀದಿಯ ಸಣ್ಣ ನಾಯಿಗಳಲ್ಲಿ ಅಪರೂಪವಾದ ಈ ವ್ಯಾಧಿ ದೊಡ್ಡ ನಾಯಿಗಳನ್ನೇ ಏಕೆ ಹುಡುಕಿಕೊಂಡು ಬರುತ್ತದೆ? ಈ ಪ್ರಶ್ನೆಯನ್ನು ಬೆನ್ನಟ್ಟಿದರೆ ದೊಡ್ಡ ನಾಯಿಯೆಂದರೆ ಹಿಗ್ಗಿಸಿದ ಸಣ್ಣ ನಾಯಿಯಲ್ಲವೆಂಬುದು ತಿಳಿಯುತ್ತದೆ. ಗಾತ್ರ ಬದಲಾದೊಡನೆ ಮೂಳೆ, ಹಸಿವು, ಸೆಕೆ, ಆಯುಸ್ಸು ಎಲ್ಲದರ ಲೆಕ್ಕವೂ ಬದಲಾಗುತ್ತದೆ.

ಗಾತ್ರದ ಗಣಿತ

1638ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಗೆಲಿಲಿಯೋ ಈ ಲೆಕ್ಕದ ಮೊದಲ ಸೂತ್ರವನ್ನು ವಿವರಿಸಿದ್ದಾನೆ. ಒಂದು ಪ್ರಾಣಿಯ ಉದ್ದ, ಅಗಲ, ಎತ್ತರಗಳನ್ನು ಇಮ್ಮಡಿಗೊಳಿಸಿದೆವೆಂದು ಭಾವಿಸೋಣ. ಆಗ ಅದರ ತೂಕ ಎಂಟು ಮಡಿಯಾಗುತ್ತದೆ. ಆದರೆ ಮೂಳೆಯ ಬಲವು ಅದರ ಅಡ್ಡಕೊಯ್ತದ ವಿಸ್ತೀರ್ಣವನ್ನು ಅವಲಂಬಿಸಿರುವುದರಿಂದ ಆ ಬಲ ನಾಲ್ಕು ಮಡಿ ಮಾತ್ರ ಹೆಚ್ಚುತ್ತದೆ. ಎಂಟರಷ್ಟು ಹೊರೆ, ನಾಲ್ಕರಷ್ಟು ಬಲ! ಈ ಕೊರತೆಯನ್ನು ತುಂಬಬೇಕಾದರೆ ಮೂಳೆ ಇನ್ನೂ ದಪ್ಪವಾಗಬೇಕು. ಶಿವಮೊಗ್ಗದ ಬಳಿಯ ಸಕ್ರೆಬೈಲಿನ ಬಿಡಾರದಲ್ಲಿ ಆನೆಯ ಕಂಬದಂತಹ ಕಾಲನ್ನೂ ಅಲ್ಲೇ ಸುಳಿಯುವ ನಾಯಿಯ ಸಣ್ಣ ಕಾಲನ್ನೂ ಹೋಲಿಸಿ ನೋಡಿದವರಿಗೆ ಇದು ಕೂಡಲೇ ಮನದಟ್ಟಾದೀತು.

ದೊಡ್ಡ ನಾಯಿಯ ಮೂಳೆಗೆ ಮತ್ತೊಂದು ಕಷ್ಟವುಂಟು. ಹುಟ್ಟಿದಾಗ ಗ್ರೇಟ್ ಡೇನ್ ಮರಿಯ ತೂಕ ಅರ್ಧದಿಂದ ಮುಕ್ಕಾಲು ಕಿಲೋಗ್ರಾಂ. ಒಂದೂವರೆ, ಎರಡು ವರ್ಷಗಳಲ್ಲಿ ಅದು ನೂರು ಪಟ್ಟಿನ ಆಸುಪಾಸಿಗೆ ಬೆಳೆಯುತ್ತದೆ. ಮನುಷ್ಯನ ಶಿಶು 18 ವರ್ಷಗಳಲ್ಲಿ ಸುಮಾರು ಇಪ್ಪತ್ತು ಪಟ್ಟು ಬೆಳೆಯುವುದನ್ನು ನೆನೆದರೆ ಈ ವೇಗದ ಅರಿವಾಗುತ್ತದೆ. ಎಳೆಯ ಮೂಳೆಗಳ ತುದಿಯಲ್ಲಿರುವ ಮೃದ್ವಸ್ಥಿ ಗಟ್ಟಿಯಾಗುವುದಕ್ಕೆ ಮುಂಚೆಯೇ ಮರಿಯನ್ನು ದೂರ ಓಡಿಸಿದರೆ, ಎತ್ತರದಿಂದ ಜಿಗಿಯಬಿಟ್ಟರೆ, ಕೀಲುಗಳು ಕೆಡುತ್ತವೆ. ಮೂಳೆ ಬಲಿಯಲೆಂದು ಸುಣ್ಣಾಂಶದ ಮಾತ್ರೆಗಳನ್ನು ಬೇಕಾಬಿಟ್ಟಿ ತಿನ್ನಿಸುವವರುಂಟು. ಬೆಳೆಯುವ ಮರಿಗೆ ಅದರಿಂದ ಕೇಡೇ ಹೆಚ್ಚು. ಹೆಚ್ಚಾದ ಕ್ಯಾಲ್ಸಿಯಂ ಮೂಳೆಯ ಸಹಜ ಬೆಳವಣಿಗೆಯನ್ನೇ ತಪ್ಪಿಸುತ್ತದೆ.

ಊಟ ಮತ್ತು ಜಠರ

4 ಕಿಲೋಗ್ರಾಮಿನ ಒಂದು ನಾಯಿ, 64 ಕಿಲೋಗ್ರಾಮಿನ ಇನ್ನೊಂದು ನಾಯಿ. ದೊಡ್ಡದು ಸಣ್ಣದರ ಹದಿನಾರು ಪಟ್ಟು ತೂಗುತ್ತದೆ. ಹಾಗಾದರೆ ಹದಿನಾರು ಪಟ್ಟು ಉಣ್ಣಬೇಕೇ? ಬೇಡ. ಪ್ರಾಣಿಯ ದೇಹ ವಿಶ್ರಾಂತಿಯಲ್ಲಿ ವ್ಯಯಿಸುವ ಶಕ್ತಿ ತೂಕದ ಮುಕ್ಕಾಲನೆಯ ಘಾತಕ್ಕೆ ಅನುಗುಣವಾಗಿರುತ್ತದೆಂದು ಮ್ಯಾಕ್ಸ್ ಕ್ಲೈಬರ್ 1932ರಲ್ಲಿ ತೋರಿಸಿದನು. ಹದಿನಾರರ ಮುಕ್ಕಾಲನೆಯ ಘಾತ ಎಂಟು. ಆದುದರಿಂದ ದೊಡ್ಡ ನಾಯಿಗೆ ಎಂಟು ಪಟ್ಟು ಆಹಾರ ಸಾಕು. ವಿಶ್ರಾಂತಿಯಲ್ಲಿ ಸಣ್ಣದಕ್ಕೆ ದಿನಕ್ಕೆ ಸುಮಾರು 200 ಕಿಲೋಕ್ಯಾಲೊರಿ ಬೇಕಾದರೆ ದೊಡ್ಡದಕ್ಕೆ ಸುಮಾರು 1,600. ತಿರುಗಾಟವನ್ನೂ ಸೇರಿಸಿದರೆ 2,500ರ ಹತ್ತಿರ. ಇದು ದುಡಿಯುವ ಒಬ್ಬ ವಯಸ್ಕನ ಊಟಕ್ಕೆ ಸಮ. ಇಂತಹ ನಾಯಿಯನ್ನು ತರುವವರು ಮನೆಗೆ ಊಟಕ್ಕೆ ಇನ್ನೊಬ್ಬ ಆಳು ಬಂದನೆಂದೇ ಲೆಕ್ಕ ಹಾಕಿಕೊಳ್ಳಬೇಕು.

ಇಷ್ಟನ್ನೂ ಒಂದೇ ಹೊತ್ತಿಗೆ ಬಡಿಸುವುದು ಅಪಾಯ. ಗ್ರೇಟ್ ಡೇನ್ ಮುಂತಾದ ತಳಿಗಳ ಎದೆಗೂಡು ಆಳವಾಗಿ, ಇಕ್ಕಟ್ಟಾಗಿ ಇರುತ್ತದೆ. ಅದರ ಹಿಂದೆ ಜಠರವು ಕೆಲವು ಬಂಧನಗಳಿಂದ ಮಾತ್ರ ಹಿಡಿಯಲ್ಪಟ್ಟು ತೂಗುತ್ತಿರುತ್ತದೆ. ಆಹಾರ ಮತ್ತು ವಾಯುವಿನಿಂದ ಉಬ್ಬಿದ ಜಠರ ತಿರುಚಿಕೊಂಡರೆ ಅದರ ಎರಡು ಬಾಯಿಗಳೂ ಮುಚ್ಚಿಹೋಗುತ್ತವೆ. ವಾಯು ಹೊರಬರಲಾರದು, ವಾಂತಿಯೂ ಆಗದು. ಉಬ್ಬಿದ ಜಠರ ಹೃದಯಕ್ಕೆ ರಕ್ತವನ್ನು ಮರಳಿಸುವ ದೊಡ್ಡ ಸಿರೆಯನ್ನು ಒತ್ತುತ್ತದೆ, ರಕ್ತಪರಿಚಲನೆ ಕುಸಿಯುತ್ತದೆ. ನಮ್ಮ ನೆರೆಮನೆಯ ನಾಯಿಗೆ ಆಗಿದ್ದುದು ಇದೇ.

ಇದನ್ನು ತಡೆಯಲು ದಿನದ ಆಹಾರವನ್ನು ಎರಡು ಮೂರು ಹೊತ್ತಿಗೆ ಹಂಚಬೇಕು. ಉಂಡ ಕೂಡಲೇ ಓಡಿಸಬಾರದು, ಪ್ರಯಾಣಕ್ಕೂ ಹೊರಡಿಸಬಾರದು. ಎತ್ತರದ ನಾಯಿಗೆ ಊಟದ ಪಾತ್ರೆಯನ್ನು ಪೀಠದ ಮೇಲಿಟ್ಟರೆ ಒಳ್ಳೆಯದೆಂಬ ನಂಬಿಕೆ ಬಹುಕಾಲ ಇತ್ತು. ಅಮೆರಿಕದಲ್ಲಿ 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪೀಠದ ಮೇಲೆ ಉಣ್ಣುವ ನಾಯಿಗಳಲ್ಲಿಯೇ ಈ ವ್ಯಾಧಿ ಹೆಚ್ಚೆಂದು ಕಂಡುಬಂದಿತು. ತರ್ಕಕ್ಕೆ ಸರಿಯೆನಿಸಿದುದೆಲ್ಲ ಪರೀಕ್ಷೆಗೆ ನಿಲ್ಲುವುದಿಲ್ಲವೆಂಬುದಕ್ಕೆ ಇದೊಂದು ನಿದರ್ಶನ.

ಸೆಕೆಯೆಂಬ ಶತ್ರು

ನಮ್ಮಂತೆ ನಾಯಿಗೆ ಮೈತುಂಬ ಬೆವರುವ ಶಕ್ತಿಯಿಲ್ಲ. ನಾಲಗೆ ಚಾಚಿ ಏದುವುದೇ ಅದರ ಮುಖ್ಯ ಉಪಾಯ. ಬಾಯಿ, ನಾಲಗೆ, ಮೂಗಿನ ತೇವವು ಆವಿಯಾಗುವಾಗ ಒಂದೊಂದು ಗ್ರಾಂ ನೀರೂ ಸುಮಾರು 580 ಕ್ಯಾಲೊರಿ ಶಾಖವನ್ನು ಹೊತ್ತೊಯ್ಯುತ್ತದೆ. ಉಳಿದ ಶಾಖ ಚರ್ಮದ ಮೂಲಕ ಹೊರಹೋಗಬೇಕು.

ಇಲ್ಲಿಯೂ ಗಾತ್ರದ ಗಣಿತವೇ ಅಡ್ಡ ಬರುತ್ತದೆ. 64 ಕಿಲೋಗ್ರಾಮಿನ ನಾಯಿ 4 ಕಿಲೋಗ್ರಾಮಿನ ನಾಯಿಗಿಂತ ಎಂಟು ಪಟ್ಟು ಶಾಖವನ್ನು ಉತ್ಪಾದಿಸಿದರೂ ಅದರ ಚರ್ಮದ ವಿಸ್ತೀರ್ಣ ಆರೂಕಾಲು ಪಟ್ಟಿಗಿಂತ ತುಸುವೇ ಹೆಚ್ಚು. ಎಂದರೆ ಚರ್ಮದ ಪ್ರತಿಯೊಂದು ಅಂಗುಲವೂ ಸುಮಾರು ಕಾಲುಪಾಲು ಹೆಚ್ಚಿನ ಶಾಖವನ್ನು ಸಾಗಿಸಬೇಕು. ಆಲ್ಪ್ಸ್ ಪರ್ವತದ 2,469 ಮೀಟರ್ ಎತ್ತರದ ಕಣಿವೆದಾರಿಯ ಮಠದಲ್ಲಿ, ಹಿಮದ ನಡುವೆ ರೂಪುಗೊಂಡ ಸೇಂಟ್ ಬರ್ನಾರ್ಡ್ ತಳಿಗೆ ಇದು ಅನುಕೂಲವೇ ಆಗಿತ್ತು. ಅದೇ ನಾಯಿಯನ್ನು ಏಪ್ರಿಲ್ ತಿಂಗಳ ಶಿವಮೊಗ್ಗಕ್ಕೆ ತಂದು ನಿಲ್ಲಿಸಿದರೆ ಕಂಬಳಿ ಹೊದೆಸಿ ಒಲೆಯ ಮುಂದೆ ಕೂಡಿಸಿದಂತೆ. ಮಳೆಗಾಲದಲ್ಲಿ ಸೆಕೆ ಕಡಮೆಯಾದರೂ ಗಾಳಿಯಲ್ಲಿ ತೇವ ತುಂಬಿರುವುದರಿಂದ ನಾಲಗೆಯ ನೀರು ಬೇಗ ಆವಿಯಾಗುವುದಿಲ್ಲ. ನಾಯಿಯ ದೇಹದ ಸಹಜ ಉಷ್ಣತೆ 38ರಿಂದ 39 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು. ಅದು 41ನ್ನು ಮೀರಿದರೆ ಪ್ರಾಣಕ್ಕೇ ಸಂಚಕಾರ. ಆಗ ಮೈಗೆ ತಣ್ಣೀರು ಸುರಿದು, ಗಾಳಿ ಬೀಸುತ್ತ ವೈದ್ಯರಲ್ಲಿಗೆ ಧಾವಿಸಬೇಕು.

ದಾರಿಯಲ್ಲಿ

ದೊಡ್ಡ ನಾಯಿಯೊಡನೆ ಪ್ರಯಾಣ ಹೊರಡುವವರಿಗೆ ಮೊದಲ ತೊಡಕು ರೈಲಿನಲ್ಲಿ. ಭಾರತೀಯ ರೈಲ್ವೆಯ ನಿಯಮದಂತೆ ಮೊದಲನೆಯ ದರ್ಜೆಯಲ್ಲಿ ಇಬ್ಬರ ಅಥವಾ ನಾಲ್ವರ ಕೋಣೆಯನ್ನು ಪೂರ್ತಿಯಾಗಿ ಕಾಯ್ದಿರಿಸಿದವರು ನಾಯಿಯನ್ನು ಜತೆಯಲ್ಲಿ ಕರೆದೊಯ್ಯಬಹುದು. ಮಿಕ್ಕ ದರ್ಜೆಗಳಲ್ಲಿ ಅದಕ್ಕೆ ಪ್ರವೇಶವಿಲ್ಲ. ಗಾರ್ಡಿನ ಗಾಡಿಯಲ್ಲಿರುವ ನಾಯಿಪೆಟ್ಟಿಗೆಯೇ ಗತಿ. ಭದ್ರಾವತಿಯಲ್ಲಿ ರೈಲು ಹತ್ತುವ ಮುನ್ನ ಆ ಪೆಟ್ಟಿಗೆಯಲ್ಲಿ ಕರುವಿನೆತ್ತರದ ಪ್ರಾಣಿ ನಿಲ್ಲಬಲ್ಲುದೇ, ತಿರುಗಬಲ್ಲುದೇ ಎಂದು ವಿಚಾರಿಸಿಕೊಳ್ಳುವುದು ಮೇಲು.

ಮೋಟಾರಿನಲ್ಲಿ ಇನ್ನೆರಡು ಅಪಾಯಗಳುಂಟು. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಸಾಗುತ್ತಿರುವ ವಾಹನ ಡಿಕ್ಕಿ ಹೊಡೆದು ಗಕ್ಕನೆ ನಿಂತಿತೆನ್ನಿ. ಒಳಗೆ ಕಟ್ಟಿಹಾಕದಿರುವ ನಾಯಿ ಅದೇ ವೇಗದಲ್ಲಿ ಮುಂದಕ್ಕೆ ಚಿಮ್ಮುತ್ತದೆ. ಹತ್ತು ಮೀಟರ್ ಎತ್ತರದಿಂದ, ಎಂದರೆ ಮೂರಂತಸ್ತಿನ ಮನೆಯ ಮೇಲಿನಿಂದ, 60 ಕಿಲೋಗ್ರಾಮಿನ ಮೂಟೆ ಬಿದ್ದಂತಹ ಹೊಡೆತ ಅದು. ಆದುದರಿಂದ ಹಿಂದಿನ ಆಸನದಲ್ಲಿ ಎದೆಪಟ್ಟಿಯಿಂದ ಬಿಗಿದೇ ಕೂಡಿಸಬೇಕು. ಎರಡನೆಯದು ನಿಲ್ಲಿಸಿದ ವಾಹನದ ಸೆಕೆ. ಬಿಸಿಲಿನಲ್ಲಿ ಗಾಜು ಮುಚ್ಚಿದ ವಾಹನದೊಳಗಿನ ಉಷ್ಣತೆ ಒಂದು ಗಂಟೆಯಲ್ಲಿ ಸುಮಾರು 22 ಡಿಗ್ರಿ ಏರುತ್ತದೆಂದೂ, ಅದರ ಐದರಲ್ಲಿ ನಾಲ್ಕು ಪಾಲು ಮೊದಲ ಅರ್ಧ ಗಂಟೆಯಲ್ಲಿಯೇ ಏರಿಬಿಡುತ್ತದೆಂದೂ 2005ರಲ್ಲಿ ಪ್ರಕಟವಾದ ಅಳತೆಗಳಿಂದ ತಿಳಿದಿದೆ. ಗಾಜನ್ನು ಸ್ವಲ್ಪ ಇಳಿಸಿಟ್ಟರೂ ಹೆಚ್ಚಿನ ಪ್ರಯೋಜನವಿಲ್ಲ. ‘ಒಂದು ಲೋಟ ಕಾಫಿ ಕುಡಿದು ಬರುತ್ತೇವೆ’ ಎಂಬಷ್ಟು ಹೊತ್ತೇ ಸಾಕು.

ಮಲೆನಾಡಿನ ಕಾಡುದಾರಿಗೆ ಕರೆದೊಯ್ಯುವವರು ಉಣುಗುಗಳನ್ನು ಮರೆಯಬಾರದು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆಯನ್ನು ಹರಡುವುದು ಉಣುಗುಗಳೇ. ನಾಯಿಗಳಿಗೆ ಬೇರೆ ರಕ್ತರೋಗಗಳನ್ನು ತರುವುದೂ ಈ ಜಾತಿಯ ಕೀಟಗಳೇ. ಕಾಡಿನಿಂದ ಮರಳಿದೊಡನೆ ಕಿವಿಯ ಸಂದು, ಬೆರಳ ಸಂದು, ಕತ್ತುಗಳನ್ನು ಶೋಧಿಸಬೇಕು. ಶೋಧಿಸಬೇಕಾದ ಮೈ ವಿಸ್ತಾರವಾದುದೆಂಬುದೂ ನೆನಪಿರಲಿ!

ಅಲ್ಪಾಯುಸ್ಸು

ಪ್ರಾಣಿಲೋಕದಲ್ಲಿ ಸಾಮಾನ್ಯವಾಗಿ ದೊಡ್ಡ ಪ್ರಾಣಿ ಹೆಚ್ಚು ಕಾಲ ಬಾಳುತ್ತದೆ. ಇಲಿಗೆ ಎರಡು ಮೂರು ವರ್ಷ, ಆನೆಗೆ ಅರುವತ್ತು, ಎಪ್ಪತ್ತು. ನಾಯಿಗಳಲ್ಲಿ ಮಾತ್ರ ಈ ನಿಯಮ ತಲೆಕೆಳಗು. ಸಣ್ಣ ತಳಿಗಳು 14, 15 ವರ್ಷ ಬದುಕಿದರೆ ಗ್ರೇಟ್ ಡೇನ್ 8ರಿಂದ 10 ವರ್ಷ. 74 ತಳಿಗಳನ್ನು ಕುರಿತು 2013ರಲ್ಲಿ ಪ್ರಕಟವಾದ ಸಂಶೋಧನೆಯಂತೆ, ದೇಹತೂಕದ ಪ್ರತಿ 2 ಕಿಲೋಗ್ರಾಮಿಗೆ ಆಯುಸ್ಸು ಸುಮಾರು ಒಂದು ತಿಂಗಳು ಕುಗ್ಗುತ್ತದೆ. ದೊಡ್ಡ ನಾಯಿಗಳಿಗೆ ಮುಪ್ಪು ವೇಗವಾಗಿ ಸಾಗುವುದೇ ಇದಕ್ಕೆ ಮುಖ್ಯ ಕಾರಣ. 2012ರಲ್ಲಿ ಲೋಕದ ಅತಿ ಎತ್ತರದ ನಾಯಿಯೆಂದು ಗಿನ್ನೆಸ್ ದಾಖಲೆಗೆ ಸೇರಿದ ಅಮೆರಿಕದ ಜ್ಯೂಸ್ ಎಂಬ ಗ್ರೇಟ್ ಡೇನಿನ ಎತ್ತರ 44 ಅಂಗುಲ. 2014ರಲ್ಲಿ ತೀರಿಕೊಂಡಾಗ ಅದಕ್ಕೆ ಆರು ವರ್ಷವೂ ತುಂಬಿರಲಿಲ್ಲ.

ಎತ್ತರ ಬೇಕು, ಭಾರ ಬೇಡವೆನ್ನುವವರಿಗೆ ನಮ್ಮ ನಾಡಿನದೇ ಆದ ಮುಧೋಳದ ನಾಯಿಯುಂಟು. 2005ರಲ್ಲಿ ಅಂಚೆಚೀಟಿಯ ಮೇಲೂ ಕಾಣಿಸಿಕೊಂಡ ಈ ಬೇಟೆನಾಯಿಯ ಎತ್ತರ 70 ಸೆಂಟಿಮೀಟರಿನ ಆಸುಪಾಸು. ತೂಕವಾದರೋ 30 ಕಿಲೋಗ್ರಾಮಿನೊಳಗೆ. ತೆಳು ರೋಮದ, ಸಪುರ ಮೈಯ ಈ ನಾಯಿ ಬಯಲುಸೀಮೆಯ ಬಿಸಿಲಿಗೆ ಹೊಂದಿಕೊಂಡುದು. ಅದರ ಎದೆಯೂ ಆಳವಾದುದೇ ಆದುದರಿಂದ ಊಟದ ನಿಯಮ ಮಾತ್ರ ಅದಕ್ಕೂ ಸಲ್ಲುತ್ತದೆ.

ಕನ್ನಡಿಗರಿಗೆ ನಾಯಿಯ ಮೇಲಿನ ಅಕ್ಕರೆ ಹೊಸದಲ್ಲ. ಹತ್ತನೆಯ ಶತಮಾನದ ಆತಕೂರಿನ ವೀರಗಲ್ಲು, ಕಾಡುಹಂದಿಯೊಡನೆ ಹೋರಾಡಿ ಮಡಿದ ಕಾಳಿಯೆಂಬ ನಾಯಿಯ ಸ್ಮಾರಕ. ಗಂಗರ ಬೂತುಗನಿಂದ ಮಣಲೆರನು ಮೆಚ್ಚಿ ಕೇಳಿ ಪಡೆದ ನಾಯಿ ಅದು. ಶಿವಮೊಗ್ಗ ಜಿಲ್ಲೆಯವರೇ ಆದ ಕುವೆಂಪು 1967ರಲ್ಲಿ ಹೊರತಂದ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ, ಗುತ್ತಿಯ ಎಲ್ಲ ಅಲೆದಾಟಗಳಲ್ಲಿಯೂ ಜತೆಗಿದ್ದ ಹುಲಿಯನನ್ನು ಕಡೆಗೆ ತುಂಗೆಯ ಪ್ರವಾಹ ಒಯ್ಯುತ್ತದೆ. ಓದಿದವರು ಅದನ್ನು ಮರೆಯಲಾರರು.

ನಮ್ಮ ನೆರೆಮನೆಯ ‘ಕರು’ ಆ ರಾತ್ರಿಯ ಬಳಿಕ ಇನ್ನೂ ನಾಲ್ಕು ವರ್ಷ ಬಾಳಿತು. ಕೊನೆಯ ಬೇಸಗೆಯಲ್ಲಿ ಹಿಂಗಾಲುಗಳು ಸೋತಾಗ ಅದೇ ಜಮಖಾನದ ಮೂಲೆಗಳನ್ನು ಹಿಡಿದು ದಿನವೂ ನೆರಳಿಗೆ ಒಯ್ಯುತ್ತಿದ್ದರು. ಆ ಹುಡುಗಿ ಈಗ ಪಶುವೈದ್ಯೆ. ದೊಡ್ಡ ನಾಯಿಯ ಮರಿಯನ್ನು ತರಬೇಕೆಂದು ಸಲಹೆ ಕೇಳಲು ಬಂದವರನ್ನು ಆಕೆ ಮೊದಲು ಕೇಳುವುದು ಒಂದೇ ಪ್ರಶ್ನೆ: “ರಾತ್ರಿ ಹತ್ತು ಗಂಟೆಗೆ ಕರೆದರೆ ಜಮಖಾನ ಹಿಡಿಯಲು ನಿಮ್ಮಲ್ಲಿ ನಾಲ್ವರಿದ್ದಾರೆಯೇ?”