ಎಂಜಿನಿನ ಬಡಿತ

ಹೇಮಾವತಿ ನದಿ ಹುಟ್ಟುವ ಜಾವಳಿಯ ಸುತ್ತಿನ ಮೂಡಿಗೆರೆ, ಕಳಸಗಳ ಕಾಫಿಯ ಸೀಮೆಯಲ್ಲಿ ಸಮತಟ್ಟಾದ ಹಾದಿಯೆಂಬುದು ಅಪರೂಪ. ಏರು, ತಿರುವು, ಇಳಿಜಾರು, ಮತ್ತೆ ಏರು. ಈ ಹಾದಿಗಳಲ್ಲಿ ಆಳುಗಳನ್ನೂ ಮೂಟೆಗಳನ್ನೂ ಬಹುಕಾಲ ಹೊತ್ತು ತಿರುಗಿದ ವಾಹನವೆಂದರೆ ಜೀಪು. ತುಂಬಿದ ಪೆಟ್ರೋಲ್ ಜೀಪು ಏರನ್ನು ಹತ್ತುತ್ತಿರುವಾಗ ಚಾಲಕನು ಗೇರು ಇಳಿಸದೆ ಆಕ್ಸಿಲರೇಟರನ್ನೇ ಒತ್ತಿಹಿಡಿದರೆ, ಸಣ್ಣ ಸುತ್ತಿಗೆಯಿಂದ ಕಬ್ಬಿಣವನ್ನು ಕುಟ್ಟಿದಂತಹ ಸದ್ದು ಎಂಜಿನಿನಿಂದ ಹೊರಡುತ್ತದೆ. ಗ್ಯಾರೇಜಿನವರು ಇದನ್ನು ‘ನಾಕಿಂಗ್’ ಎನ್ನುತ್ತಾರೆ. ಕಿವಿ ಪಳಗಿದ ಚಾಲಕನು ಕೂಡಲೇ ಗೇರು ಇಳಿಸುತ್ತಾನೆ. ಸದ್ದನ್ನು ಬಹುಕಾಲ ಅಲಕ್ಷಿಸಿದವನ ಎಂಜಿನಿನಲ್ಲಿ ಪಿಸ್ಟನ್ನು ತೂತು ಬೀಳುವುದೂ ಉಂಟು.

ಈ ಬಡಿತ ಎಲ್ಲಿಂದ ಬರುತ್ತದೆ? ಸಿಲಿಂಡರಿನೊಳಗೆ ಪೆಟ್ರೋಲು ಮತ್ತು ಗಾಳಿಯ ಮಿಶ್ರಣವನ್ನು ಪಿಸ್ಟನ್ನು ಮೇಲಕ್ಕೆ ಒತ್ತುತ್ತದೆ. ಆಗ ಸ್ಪಾರ್ಕ್ ಪ್ಲಗ್ಗು ಕಿಡಿ ಹಾರಿಸುತ್ತದೆ. ಜ್ವಾಲೆಯು ಒಂದು ಕಡೆಯಿಂದ ಇನ್ನೊಂದು ಕಡೆಗೆ ಕ್ರಮವಾಗಿ ಹರಡಬೇಕು. ಆದರೆ ಜ್ವಾಲೆ ತಲುಪುವ ಮೊದಲೇ, ಮೂಲೆಯಲ್ಲಿ ಉಳಿದ ಮಿಶ್ರಣವು ಒತ್ತಡ ಮತ್ತು ಶಾಖ ಮಿತಿಮೀರಿ ತಾನಾಗಿಯೇ ಒಮ್ಮೆಲೇ ಹೊತ್ತಿಕೊಂಡರೆ, ಅದರ ಒತ್ತಡದ ಅಲೆಗಳು ಲೋಹದ ಗೋಡೆಗಳಿಗೆ ಅಪ್ಪಳಿಸುತ್ತವೆ. ನಾವು ಕೇಳುವ ಸದ್ದು ಅದೇ. ಪೆಟ್ರೋಲಿಗೆ ಸೀಮೆಎಣ್ಣೆ ಬೆರೆಸಿದರೆ ಈ ರೋಗ ಹೆಚ್ಚುತ್ತದೆ. ಸೀಮೆಎಣ್ಣೆಗೆ ಹೀಗೆ ತಾನಾಗಿ ಹೊತ್ತಿಕೊಳ್ಳುವ ಸ್ವಭಾವ ಅಧಿಕ.

ಮೊದಲನೆಯ ಉಪಾಯ ಕಿಡಿಯ ಕಾಲವನ್ನು ಬದಲಿಸುವುದು. ಎಂಜಿನು ನಿಮಿಷಕ್ಕೆ 3,000 ಸುತ್ತು ತಿರುಗುತ್ತಿದ್ದರೆ, ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಅದರ ದಂಡವು 18 ಡಿಗ್ರಿಗಳಷ್ಟು ತಿರುಗಿಬಿಡುತ್ತದೆ. ಮಿಶ್ರಣ ಉರಿಯಲು ಕಾಲ ಬೇಕಾದ್ದರಿಂದ ಪಿಸ್ಟನ್ನು ತುದಿಯನ್ನು ಮುಟ್ಟುವ ಮೊದಲೇ ಕಿಡಿ ಹಾರಬೇಕು. ತೀರ ಮೊದಲೇ ಹಾರಿದರೆ ಒತ್ತಡ ಅತಿಯಾಗಿ ಬಡಿತ ಹುಟ್ಟುತ್ತದೆ. ಹಳೆಯ ಜೀಪುಗಳಲ್ಲಿ ಮೆಕ್ಯಾನಿಕ್ಕನು ಡಿಸ್ಟ್ರಿಬ್ಯೂಟರನ್ನು ಕೊಂಚ ತಿರುಗಿಸಿ ಕಿಡಿಯನ್ನು ತಡಮಾಡುತ್ತಿದ್ದನು. ಸದ್ದು ಅಡಗುತ್ತಿತ್ತು; ಅದರೊಂದಿಗೆ ಎಳೆಯುವ ಶಕ್ತಿಯೂ ಕುಂದುತ್ತಿತ್ತು. ತಡವಾಗಿ ಉರಿದ ಅನಿಲದ ಶಾಖವು ಕೆಲಸವಾಗುವ ಬದಲು ಹೊಗೆಕೊಳವೆಯ ಪಾಲಾಗುತ್ತಿತ್ತು. ಏರಿನಲ್ಲಿ ಇದು ಸಣ್ಣ ನಷ್ಟವಲ್ಲ.

ಮಳೆಗಾಲದಲ್ಲಿ ಬಂಡಿ ಹಗುರವಾಗಿ ಓಡುತ್ತದೆಂದು ಚಾಲಕರು ಹೇಳುವುದುಂಟು. ಅದು ಬರಿಯ ಭ್ರಮೆಯಲ್ಲ. ತಂಪಾದ, ತೇವಭರಿತ ಗಾಳಿಯಲ್ಲಿ ಬಡಿತ ಕಡಿಮೆ. ಎರಡನೆಯ ಉಪಾಯವು ಇದನ್ನೇ ಬೇಕೆಂದು ಮಾಡುವುದು: ಒಳಹೋಗುವ ಗಾಳಿಗೆ ನೀರನ್ನು ಸೂಕ್ಷ್ಮ ತುಂತುರಾಗಿ ಸೇರಿಸುವುದು. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 540 ಕ್ಯಾಲೊರಿ ಶಾಖ ಬೇಕು. ಪೆಟ್ರೋಲಿಗೆ ಅದರ ಆರನೆಯ ಒಂದು ಭಾಗ ಸಾಕು. ಮಣ್ಣಿನ ಹೂಜಿಯ ನೀರು ತಣ್ಣಗಾಗುವುದೂ ಈ ನಿಯಮದಿಂದಲೇ. ಮಿಶ್ರಣ ತಂಪಾದಾಗ ಮೂಲೆಯ ಭಾಗವು ಅಕಾಲದಲ್ಲಿ ಹೊತ್ತಿಕೊಳ್ಳುವುದಿಲ್ಲ. ಕಿಡಿಯನ್ನು ತಡಮಾಡಬೇಕಾಗಿಯೂ ಇಲ್ಲ. ನೀರೇ ಉರಿದು ಶಕ್ತಿ ಕೊಡುತ್ತದೆಂದು ನಂಬಿಸುವವರೂ ಇದ್ದಾರೆ. ನೀರು ಉರಿಯುವುದಿಲ್ಲ, ಶಾಖವನ್ನು ಹೀರುತ್ತದೆ, ಅಷ್ಟೆ.

ಹಂಗೇರಿಯ ದೊನಾತ್ ಬಾಂಕಿ 19ನೆಯ ಶತಮಾನದ ಕೊನೆಯಲ್ಲಿಯೇ ಇದನ್ನು ಪ್ರಯೋಗಿಸಿದ್ದನು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಥಂಡರ್‌ಬೋಲ್ಟ್ ವಿಮಾನದ 2,000 ಅಶ್ವಶಕ್ತಿಯ ಎಂಜಿನು ನೀರಿನ ತುಂತುರಿನ ನೆರವಿನಿಂದ ಸ್ವಲ್ಪ ಹೊತ್ತು 2,300 ಅಶ್ವಶಕ್ತಿಯನ್ನು ಕೊಡುತ್ತಿತ್ತು. ಪೆಟ್ರೋಲಿಗೆ ಸೀಸದ ಸಂಯುಕ್ತವನ್ನು ಬೆರೆಸುವುದು ಇನ್ನೊಂದು ಉಪಾಯವಾಗಿತ್ತು. ಅದು ಅಗ್ಗ, ಆದರೆ ವಿಷ. ಭಾರತದಲ್ಲಿ 2000ದಲ್ಲಿ ಅದು ನಿಂತಿತು.

ನೀರಿನ ಉಪಾಯಕ್ಕೂ ಅಪಾಯವಿಲ್ಲದಿಲ್ಲ. ಅಳತೆ ಮೀರಿದರೆ ಜ್ವಾಲೆ ನಂದುತ್ತದೆ. ನೀರನ್ನು ನಂಬಿ ಕಿಡಿಯನ್ನು ಮುಂದಕ್ಕೆ ಹೊಂದಿಸಿದ ಬಂಡಿಯಲ್ಲಿ ತೊಟ್ಟಿ ಬರಿದಾದರೆ, ಅರ್ಧ ಏರಿನಲ್ಲಿ ಬಡಿತವು ಮರಳುತ್ತದೆ.

ಈಗಿನ ಅನೇಕ ಕಾರುಗಳಲ್ಲಿ ಬಡಿತದ ಕಂಪನವನ್ನು ಗುರುತಿಸುವ ಒಂದು ಸಣ್ಣ ಉಪಕರಣವುಂಟು. ಕಲಬೆರಕೆಯ ಪೆಟ್ರೋಲು ಬಿದ್ದರೆ ಅದರ ಸೂಚನೆಯಂತೆ ಕಂಪ್ಯೂಟರು ಕಿಡಿಯನ್ನು ಮೆಲ್ಲನೆ ತಡಮಾಡುತ್ತದೆ. ಚಾಲಕನಿಗೆ ಸದ್ದು ಕೇಳುವುದಿಲ್ಲ. ಬಂಡಿಯೇಕೋ ಏರು ಹತ್ತುತ್ತಿಲ್ಲವೆಂದು ಮಾತ್ರ ತೋರುತ್ತದೆ.