ಬಂಡೆಯೇರುವ ಬಂಡಿ: ನಿರ್ಮಾಣ ಮತ್ತು ಪಾಲನೆ

ಇತಿಹಾಸದ ವಿದ್ಯಾರ್ಥಿಗೆ ಶಾಸನವೂ ನಾಣ್ಯವೂ ಹೇಗೆ ಆಧಾರಗಳೋ, ಮನುಷ್ಯನು ಬಳಸಿದ ಉಪಕರಣಗಳೂ ಹಾಗೆಯೇ ಆಧಾರಗಳು. ಒಂದು ಬಂಡಿಯ ಗಾಲಿ, ಅಚ್ಚು, ಕೀಲುಗಳನ್ನು ನೋಡಿ, ಅದನ್ನು ಮಾಡಿದವರ ನೆಲ ಎಂತಹುದು, ಅವರ ಕೈಗೆ ದೊರಕುತ್ತಿದ್ದ ಸಾಮಗ್ರಿ ಯಾವುದು ಎಂಬುದನ್ನು ಬಹುಮಟ್ಟಿಗೆ ಊಹಿಸಬಹುದು. ಯಂತ್ರಯುಗದ ವಾಹನಗಳಲ್ಲಿ ಇಂತಹ ಪರಿಶೀಲನೆಗೆ ಅವಕಾಶ ಕಡಮೆ. ಅವು ಕಾರ್ಖಾನೆಗಳಲ್ಲಿ ಲಕ್ಷಗಟ್ಟಲೆ ತಯಾರಾಗುತ್ತವೆ. ಬಳಸುವವನ ಕೈಗುರುತು ಅವುಗಳ ಮೇಲೆ ಬೀಳುವುದಿಲ್ಲ. ಆದರೆ ಇದಕ್ಕೊಂದು ಅಪವಾದವುಂಟು. ಅಮೆರಿಕಾ ಸಂಯುಕ್ತ ಸಂಸ್ಥಾನದ ಪಶ್ಚಿಮ ಪ್ರಾಂತಗಳಲ್ಲಿ ಹವ್ಯಾಸಿಗಳು ತಮ್ಮ ಮನೆಯ ಗ್ಯಾರೇಜಿನಲ್ಲಿಯೇ ಕಟ್ಟಿಕೊಳ್ಳುವ, ‘ರಾಕ್ ಕ್ರಾಲರ್’ ಎಂದು ಹೆಸರಾದ, ಬಂಡೆಯೇರುವ ಟ್ರಕ್ಕೇ ಆ ಅಪವಾದ. ಈ ಯಂತ್ರವನ್ನು ಕಟ್ಟುವ ಬಗೆ ಯಾವುದು, ಕಟ್ಟಿದ್ದನ್ನು ಕಾಪಾಡುವ ಬಗೆ ಯಾವುದು, ಇವೆರಡರಲ್ಲಿ ಯಾವುದು ಹಿರಿದು ಎಂಬುದನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಈ ಹವ್ಯಾಸದ ಮೂಲ ಎರಡನೆಯ ಮಹಾಯುದ್ಧದಲ್ಲಿದೆ. ೧೯೪೧ರಿಂದ ೧೯೪೫ರವರೆಗೆ ವಿಲ್ಲಿಸ್ ಮತ್ತು ಫೋರ್ಡ್ ಕಾರ್ಖಾನೆಗಳು ಕೂಡಿ ಆರು ಲಕ್ಷಕ್ಕೂ ಮೀರಿದ ಜೀಪುಗಳನ್ನು ತಯಾರಿಸಿದವು. ಯುದ್ಧ ಮುಗಿದ ಮೇಲೆ ಸೈನ್ಯಕ್ಕೆ ಬೇಡವಾದ ಗಾಡಿಗಳಲ್ಲಿ ಎಷ್ಟೋ ಸಾಮಾನ್ಯ ಜನರ ಕೈಸೇರಿದವು. ವಿಲ್ಲಿಸ್ ಕಾರ್ಖಾನೆಯೂ ೧೯೪೫ರಿಂದಲೇ ರೈತರಿಗೆಂದು ಜೀಪನ್ನು ಮಾರತೊಡಗಿತು. ಅವನ್ನು ಏರಿಸಲು ಬೆಟ್ಟಗಳೂ ಹತ್ತಿರದಲ್ಲಿದ್ದವು. ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಪರ್ವತಶ್ರೇಣಿಯಲ್ಲಿ ಟಾಹೋ ಸರೋವರದ ಕಡೆಗೆ ಸಾಗುವ ರೂಬಿಕಾನ್ ಎಂಬ ಹಳೆಯ ದಾರಿಯೊಂದುಂಟು. ಉದ್ದ ಸುಮಾರು ೩೫ ಕಿಲೋಮೀಟರು. ೧೮೮೭ರಲ್ಲಿಯೇ ಎಲ್ ಡೊರಾಡೋ ಜಿಲ್ಲೆಯ ಆಡಳಿತವು ಅದನ್ನು ಸಾರ್ವಜನಿಕ ರಸ್ತೆಯೆಂದು ಘೋಷಿಸಿತ್ತು. ದಾರಿಯ ನಡುವಿನ ಖನಿಜ ನೀರಿನ ಬುಗ್ಗೆಗಳ ಬಳಿ ೧೯ನೆಯ ಶತಮಾನದ ಕೊನೆಯಲ್ಲಿ ಹೋಟೆಲೊಂದಿದ್ದು, ಅತಿಥಿಗಳು ಕುದುರೆಗಾಡಿಗಳಲ್ಲಿ ಅಲ್ಲಿಗೆ ಬರುತ್ತಿದ್ದರು. ಕಾಲಕ್ರಮದಲ್ಲಿ ಹೋಟೆಲು ಅಳಿಯಿತು. ಮಣ್ಣು ಕೊಚ್ಚಿಹೋಗಿ ದಾರಿಯಲ್ಲಿ ಬಂಡೆಗಳೇ ಉಳಿದವು. ೧೯೫೩ರಲ್ಲಿ ಜಾರ್ಜ್‌ಟೌನ್ ಊರಿನ ಮಾರ್ಕ್ ಸ್ಮಿತ್ ಮತ್ತು ಸಂಗಡಿಗರು ಈ ದಾರಿಯಲ್ಲಿ ಜೀಪುಗಳ ಸಾಮೂಹಿಕ ಯಾತ್ರೆಯನ್ನು ಏರ್ಪಡಿಸಿದರು. ಆ ಯಾತ್ರೆ ಪ್ರತಿವರ್ಷದ ಪದ್ಧತಿಯಾಯಿತು. ೧೯೬೭ರಲ್ಲಿ ಯೂಟಾ ಪ್ರಾಂತದ ಮೋಆಬ್ ಊರಿನಲ್ಲಿಯೂ ಇಂತಹುದೇ ಯಾತ್ರೆ ಮೊದಲಾಯಿತು. ಅಲ್ಲಿನ ದಾರಿಗಳಲ್ಲಿ ಹಲವು ೧೯೫೦ರ ದಶಕದಲ್ಲಿ ಯುರೇನಿಯಂ ಹುಡುಕುವವರು ಕಡಿದವು. ಹೀಗೆ ಯುದ್ಧದ ಉಳಿಕೆಯಾದ ಗಾಡಿಯೂ ಹಳೆಯ ಉದ್ಯಮಗಳ ಉಳಿಕೆಯಾದ ದಾರಿಯೂ ಸೇರಿ ಒಂದು ಹೊಸ ವಿನೋದಕ್ಕೆ ಕಾರಣವಾದವು.

ಇನ್ನು ಯಂತ್ರದ ತತ್ತ್ವವನ್ನು ನೋಡೋಣ. ಸಾಮಾನ್ಯವಾಗಿ ಮೋಟಾರು ಗಾಡಿಯ ಹಿರಿಮೆಯನ್ನು ವೇಗದಿಂದ ಅಳೆಯುತ್ತೇವೆ. ಇಲ್ಲಿ ನಿಧಾನವೇ ಹಿರಿಮೆ. ಆಳೆತ್ತರದ ಬಂಡೆಗೆ ವೇಗವಾಗಿ ನುಗ್ಗಿದ ಗಾಡಿ ಒಡೆಯುತ್ತದೆ, ಇಲ್ಲವೆ ಉರುಳುತ್ತದೆ. ಎಂಜಿನು ತನ್ನ ಸಹಜ ಗತಿಯಲ್ಲಿ ತಿರುಗುತ್ತಿರಬೇಕು, ಗಾಲಿ ಮಾತ್ರ ಅತಿ ಮೆಲ್ಲಗೆ, ಆದರೆ ಅಪಾರ ಬಲದಿಂದ ತಿರುಗಬೇಕು. ಇದನ್ನು ಸಾಧಿಸುವುದು ಹಲ್ಲುಚಕ್ರಗಳ ಗುಣಾಕಾರ. ಗೇರುಪೆಟ್ಟಿಗೆಯ ಮೊದಲನೆಯ ಗೇರು, ನಾಲ್ಕು ಗಾಲಿಗಳಿಗೂ ಶಕ್ತಿಯನ್ನು ಹಂಚುವ ಟ್ರಾನ್ಸ್‌ಫರ್ ಪೆಟ್ಟಿಗೆಯ ಕೆಳಗೇರು, ಅಚ್ಚಿನೊಳಗಿನ ಹಲ್ಲುಚಕ್ರ, ಈ ಮೂರರ ಪ್ರಮಾಣಗಳನ್ನು ಗುಣಿಸಿದಾಗ ಬರುವ ಸಂಖ್ಯೆಯೇ ಗಾಡಿಯ ‘ತೆವಳು ಪ್ರಮಾಣ’. ಯುದ್ಧಕಾಲದ ವಿಲ್ಲಿಸ್ ಜೀಪಿನಲ್ಲಿ ಇವು ಕ್ರಮವಾಗಿ ಸುಮಾರು ೨.೬೬, ೧.೯೭ ಮತ್ತು ೪.೮೮, ಗುಣಲಬ್ಧ ೨೫.೬. ಎಂದರೆ ಎಂಜಿನು ೨೫ ಸುತ್ತಿಗಿಂತ ತುಸು ಹೆಚ್ಚು ತಿರುಗಿದಾಗ ಗಾಲಿ ಒಂದು ಸುತ್ತು ತಿರುಗುತ್ತದೆ. ಘರ್ಷಣೆಯಲ್ಲಿ ವ್ಯಯವಾಗುವುದನ್ನು ಕಳೆದರೆ, ತಿರುಗಿಸುವ ಬಲವೂ ಅಷ್ಟೇ ಪಾಲು ಹೆಚ್ಚುತ್ತದೆ.

ಮನೆಯಲ್ಲಿ ಕಟ್ಟುವವರು ಜೀಪಿನಂತೆಯೇ ಹೆಚ್ಚಾಗಿ ಆರಿಸಿಕೊಂಡ ಇನ್ನೊಂದು ಮೂಲವಸ್ತು ಟೊಯೊಟಾ ಪಿಕಪ್ ಟ್ರಕ್ಕು. ಅದರಲ್ಲಿಯೂ ೧೯೭೯ರಿಂದ ೧೯೮೫ರವರೆಗಿನದು. ಇದಕ್ಕೆ ಸ್ಪಷ್ಟವಾದ ಕಾರಣವಿದೆ. ಆ ವರ್ಷಗಳಲ್ಲಿ ಅಮೆರಿಕದಲ್ಲಿ ಮಾರಿದ ನಾಲ್ಕು ಗಾಲಿ ಚಾಲನೆಯ ಪಿಕಪ್ಪಿಗೆ ಮುಂದುಗಡೆಯೂ ಇಡಿಯ ಅಚ್ಚು ಇತ್ತು; ೧೯೮೬ರ ಮಾದರಿಯಿಂದ ಎರಡು ಗಾಲಿಗಳೂ ಬೇರೆಬೇರೆಯಾಗಿ ಏರಿಳಿಯುವ ವ್ಯವಸ್ಥೆ ಬಂದಿತು. ಹೆದ್ದಾರಿಯಲ್ಲಿ ಹೊಸ ವ್ಯವಸ್ಥೆಯೇ ಹಿತಕರ. ಆದರೆ ಬಂಡೆಗಳ ನಡುವೆ, ಇಡಿಯ ಅಚ್ಚಿನ ಒಂದು ಗಾಲಿ ಮೇಲೇರಿದರೆ ಇನ್ನೊಂದು ಗಾಲಿ ನೆಲಕ್ಕೆ ಒತ್ತಲ್ಪಡುತ್ತದೆ, ಹಿಡಿತ ಉಳಿಯುತ್ತದೆ. ಆ ಪಿಕಪ್ಪಿನ ಟ್ರಾನ್ಸ್‌ಫರ್ ಪೆಟ್ಟಿಗೆಯ ರಚನೆಯೂ ಅನುಕೂಲಕರ. ಅದರ ಗತಿಯಿಳಿಸುವ ಭಾಗವನ್ನು ಬೇರ್ಪಡಿಸಿ, ಇನ್ನೊಂದು ಗಾಡಿಯ ಅಂತಹುದೇ ಭಾಗವನ್ನು ಅದರ ಮುಂದೆ ಜೋಡಿಸಬಹುದು. ಕಾರ್ಖಾನೆಯ ಸ್ಥಿತಿಯಲ್ಲಿ ಐದು ಗೇರಿನ ಟ್ರಕ್ಕಿನ ತೆವಳು ಪ್ರಮಾಣ ೩.೯೫, ೨.೨೮, ೪.೧೦ರ ಗುಣಲಬ್ಧವಾದ ಸುಮಾರು ೩೭. ಎರಡನೆಯ ಪೆಟ್ಟಿಗೆಯನ್ನು ಸೇರಿಸಿ ಅಚ್ಚಿನ ಹಲ್ಲುಚಕ್ರವನ್ನು ೫.೨೯ಕ್ಕೆ ಬದಲಿಸಿದರೆ ಅದು ಸುಮಾರು ೧೦೯. ಪೆಟ್ಟಿಗೆಗಳಲ್ಲೊಂದರ ಪ್ರಮಾಣವನ್ನು ೪.೭೦ಕ್ಕೆ ಏರಿಸಿದರೆ ೨೨೪. ನಿಮಿಷಕ್ಕೆ ೮೦೦ ಸುತ್ತಿನ ಎಂಜಿನು, ೩೫ ಅಂಗುಲದ ಟೈರು ಎಂದಿಟ್ಟುಕೊಂಡರೆ, ೩೭ರ ಪ್ರಮಾಣದಲ್ಲಿ ಗಾಡಿ ನಿಮಿಷಕ್ಕೆ ಸುಮಾರು ೬೦ ಮೀಟರು ಸಾಗುತ್ತದೆ; ೨೨೪ರಲ್ಲಿ ೧೦ ಮೀಟರಿಗೂ ಕಡಮೆ. ಚಾಲಕನು ಪಕ್ಕದಲ್ಲಿ ನಡೆಯುವವನಿಗಿಂತ ಹಿಂದೆ ಬೀಳುತ್ತಾನೆ. ಆದರೆ ಪ್ರತಿಯೊಂದು ಗಾಲಿ ಯಾವ ಕಲ್ಲಿನ ಮೇಲಿದೆಯೆಂದು ಯೋಚಿಸಲು ಅವನಿಗೆ ಬಿಡುವು ದೊರಕುತ್ತದೆ.

ಬಲವಿದ್ದ ಮಾತ್ರಕ್ಕೆ ಬಂಡೆಯೇರಲಾಗದು. ಆ ಬಲ ಹಿಡಿತವಿರುವ ಗಾಲಿಗೆ ತಲಪಬೇಕು. ಸಾಮಾನ್ಯ ಗಾಡಿಯ ಅಚ್ಚಿನಲ್ಲಿರುವ ಡಿಫರೆನ್ಷಿಯಲ್ ಎರಡು ಗಾಲಿಗಳಿಗೂ ಸಮಬಲವನ್ನು ಹಂಚುತ್ತದೆ. ತಿರುವಿನಲ್ಲಿ ಹೊರಗಾಲಿ ಒಳಗಾಲಿಗಿಂತ ಹೆಚ್ಚು ತಿರುಗಬೇಕಾದುದರಿಂದ ಅದು ಅವಶ್ಯಕ. ಆದರೆ ಒಂದು ಗಾಲಿ ಗಾಳಿಯಲ್ಲಿ ತೂಗಾಡಿದಾಗ ಅದನ್ನು ತಿರುಗಿಸಲು ಬೇಕಾಗುವ ಬಲ ಬಹುಮಟ್ಟಿಗೆ ಸೊನ್ನೆ. ಸಮಪಾಲಿನ ನಿಯಮದಂತೆ ನೆಲದ ಮೇಲಿರುವ ಗಾಲಿಗೂ ಸೊನ್ನೆಯೇ. ಆದಕಾರಣ ಎರಡು ಗಾಲಿಗಳನ್ನೂ ಒಂದಾಗಿ ಬಿಗಿಯುವ ‘ಲಾಕರ್’ ಬೇಕಾಗುತ್ತದೆ. ಬಡ ಹವ್ಯಾಸಿ ಡಿಫರೆನ್ಷಿಯಲ್ಲಿನ ಒಳಚಕ್ರಗಳನ್ನೇ ಬೆಸೆದುಬಿಡುವುದುಂಟು. ಉಳ್ಳವನು ಒತ್ತಿದ ಗಾಳಿಯಿಂದ ಬೇಕೆಂದಾಗ ಬಿಗಿಯುವ, ಬೇಡವೆಂದಾಗ ಸಡಿಲಿಸುವ ಸಾಧನವನ್ನು ಕೊಳ್ಳುತ್ತಾನೆ. ಟೈರಿನ ಗಾಳಿಯನ್ನು ಇಳಿಸುವುದು ಇನ್ನೊಂದು ಉಪಾಯ. ರಸ್ತೆಯ ಮೇಲೆ ೩೦ ಪೌಂಡಿನಷ್ಟಿರುವ ಒತ್ತಡವನ್ನು ಬಂಡೆಗಳ ಬಳಿ ೧೦–೧೨ಕ್ಕೆ ಇಳಿಸಿದರೆ ಟೈರು ಕಲ್ಲನ್ನು ಅಪ್ಪಿಕೊಳ್ಳುತ್ತದೆ. ಇನ್ನೂ ಇಳಿಸಬೇಕಾದರೆ ಟೈರಿನ ಅಂಚನ್ನು ಉಕ್ಕಿನ ಬಳೆಯಿಂದ ರಿಮ್ಮಿಗೆ ಬೋಲ್ಟು ಹಾಕಿ ಬಿಗಿಯಬೇಕು. ಗಾಡಿ ಉರುಳಿದರೆ ಒಳಗಿನವರನ್ನು ಕಾಯಲು ಚಾಸಿಗೆ ಸೇರಿದ ಉಕ್ಕಿನ ಕೊಳವೆಗಳ ಪಂಜರವಿರಬೇಕು. ಭಾರವೆಲ್ಲವೂ ಸಾಧ್ಯವಾದಷ್ಟು ಕೆಳಗಿರಬೇಕು.

ಇಲ್ಲಿ ಕಟ್ಟುವವನು ಮೊದಲ ಪಾಠವನ್ನು ಕಲಿಯುತ್ತಾನೆ. ಯಂತ್ರದಲ್ಲಿ ದೌರ್ಬಲ್ಯವು ನಾಶವಾಗುವುದಿಲ್ಲ, ಸ್ಥಳವನ್ನು ಬದಲಿಸುತ್ತದೆ. ದೊಡ್ಡ ಟೈರು ಹಾಕಿದರೆ ಗೇರು ಸಾಲದಾಗುತ್ತದೆ, ಬ್ರೇಕು ಕುಗ್ಗುತ್ತದೆ. ಗೇರನ್ನು ತಗ್ಗಿಸಿ ಲಾಕರು ಹಾಕಿದರೆ ಮುಂದಿನ ಅಚ್ಚಿನ ತುದಿಯಲ್ಲಿ ಗಾಲಿ ಹೊರಳಲು ಅನುವಾಗುವ, ‘ಬರ್ಫೀಲ್ಡ್’ ಎಂದು ಕರೆಯುವ ಗುಂಡುಗಳ ಕೀಲು ಮುರಿಯುತ್ತದೆ. ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿ, ಗಾಲಿ ಕಲ್ಲಿನ ಸಂದಿಗೆ ಸಿಕ್ಕಿರುವಾಗ ಬಲ ಕೊಟ್ಟರೆ ಅದು ಒಡೆಯುವುದು ಸಾಮಾನ್ಯ. ಆ ಕೀಲನ್ನು ಮಿಶ್ರಲೋಹದಿಂದ ಬಲಪಡಿಸಿದರೆ ಅಚ್ಚಿನೊಳಗಿನ ಹಲ್ಲುಚಕ್ರದ ಮೇಲೆ ಹೊರೆ ಬೀಳುತ್ತದೆ. ಆದುದರಿಂದ ಬುದ್ಧಿವಂತನಾದವನು ಯಾವುದೂ ಮುರಿಯದ ಗಾಡಿಯನ್ನು ಕಟ್ಟಲು ಹೋಗುವುದಿಲ್ಲ. ಮುರಿಯುವುದು ಎಲ್ಲಿ ಮುರಿಯಲಿ ಎಂಬುದನ್ನು ತಾನೇ ನಿರ್ಧರಿಸುತ್ತಾನೆ. ದಾರಿಯಲ್ಲಿಯೇ ಬಿಚ್ಚಿ ಬದಲಿಸಬಹುದಾದ ಭಾಗವನ್ನು ಆ ಸ್ಥಾನದಲ್ಲಿರಿಸಿ, ಅದರ ಜೋಡಿಯನ್ನು ಪೆಟ್ಟಿಗೆಯಲ್ಲಿ ಒಯ್ಯುತ್ತಾನೆ. ನಮ್ಮ ಎತ್ತಿನ ಬಂಡಿಯ ಕಡೆಗೀಲನ್ನು ನೆನೆಯಬಹುದು. ಅದು ಬಂಡಿಯ ಅತಿ ಚಿಕ್ಕ ಭಾಗ. ಅದನ್ನು ನೋಡದೆ ಹೊರಟವನ ಗಾಲಿ ದಾರಿಯಲ್ಲಿ ಕಳಚುತ್ತದೆ.

ಇಲ್ಲಿಂದ ಮುಂದೆ ಪಾಲನೆಯ ವಿಷಯ. ಕಟ್ಟುವ ಕೆಲಸಕ್ಕೆ ಕೊನೆಯುಂಟು, ಪಾಲನೆಗೆ ಕೊನೆಯಿಲ್ಲ. ಪ್ರತಿಯೊಂದು ಯಾತ್ರೆಯಿಂದ ಮರಳಿದ ಮೇಲೆ ಗಾಡಿಯನ್ನು ತೊಳೆಯುವುದೇ ಮೊದಲ ಕೆಲಸ. ಇದು ಅಲಂಕಾರಕ್ಕಲ್ಲ; ಕೆಸರಿನ ಕೆಳಗೆ ಬಿರುಕು ಕಾಣಿಸುವುದಿಲ್ಲ. ಬೆಸುಗೆಯ ಅಂಚುಗಳನ್ನೂ, ಸ್ಟಿಯರಿಂಗ್ ಪೆಟ್ಟಿಗೆಯನ್ನು ಚಾಸಿಗೆ ಕೂರಿಸಿದ ಸ್ಥಳವನ್ನೂ ದೀಪ ಹಿಡಿದು ನೋಡಬೇಕು. ಕಮಾನುಪಟ್ಟಿಗಳ, ಟೈರಿನ ಬಳೆಗಳ ಬೋಲ್ಟುಗಳನ್ನು ಅಳತೆಯ ಸ್ಪ್ಯಾನರಿನಿಂದ ಮತ್ತೆ ಬಿಗಿಯಬೇಕು. ಅಚ್ಚಿನ ಎಣ್ಣೆಯನ್ನು ತುಸು ತೆಗೆದು ನೋಡಬೇಕು. ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆಯೆಂದು ಅರ್ಥ. ಬಿಸಿಯಾದ ಅಚ್ಚು ತಣ್ಣನೆಯ ತೊರೆಯಲ್ಲಿಳಿದಾಗ ಒಳಗಿನ ಗಾಳಿ ಕುಗ್ಗಿ ನೀರನ್ನು ಎಳೆದುಕೊಳ್ಳುತ್ತದೆ. ಇದಕ್ಕೆ ಪರಿಹಾರವೆಂದರೆ ಅಚ್ಚಿನ ಉಸಿರುನಳಿಕೆಯನ್ನು ಮೇಲಕ್ಕೆ, ನೀರು ಮುಟ್ಟದೆಡೆಗೆ ಒಯ್ಯುವುದು. ಗಾಲಿ ಪೂರ್ತಿ ಕೆಳಗೆ ಜೋತುಬಿದ್ದಾಗ ಬ್ರೇಕಿನ ಕೊಳವೆ ಎಳೆದು ಬಿಗಿಯಾಗುವುದೋ ಎಂದು ಗಾಡಿಯನ್ನೆತ್ತಿ ಪರೀಕ್ಷಿಸಬೇಕು. ಮುಂದಿನ ಅಚ್ಚಿನ ಒಳಸೀಲು ಸವೆದರೆ ಅಚ್ಚಿನ ಎಣ್ಣೆ ಬರ್ಫೀಲ್ಡ್ ಕೀಲಿನ ಗೋಳದೊಳಗೆ ಸೇರಿ, ಅಲ್ಲಿನ ಗ್ರೀಸನ್ನು ತೆಳುವಾಗಿಸಿ, ಹೊರಗೆ ಜಿನುಗುತ್ತದೆ. ಗಾಲಿಯ ಹಿಂಬದಿಯಲ್ಲಿ ಕಾಣುವ ಒಂದು ಕಪ್ಪು ಗೆರೆಯೇ ಇದರ ಸೂಚನೆ. ಅಲ್ಪಬೆಲೆಯ ಆ ಸೀಲನ್ನು ಬದಲಿಸಲು ಒಂದು ದಿನದ ದುಡಿಮೆ ಬೇಕು. ‘ಇನ್ನೊಂದು ಯಾತ್ರೆ ಮುಗಿಯಲಿ’ ಎಂದು ಅದನ್ನು ಮುಂದೂಡುವ ಮನಸ್ಸು ಯಾರಿಗೂ ಬರಬಹುದಾದದ್ದೇ.

ಆದರೆ ಆ ಕಪ್ಪು ಗೆರೆ ಕೇವಲ ಮಾಲೀಕನ ಸ್ವಂತ ವಿಷಯವೇ? ರೂಬಿಕಾನ್ ದಾರಿಯ ಇತ್ತೀಚಿನ ಚರಿತ್ರೆ ಇಲ್ಲವೆನ್ನುತ್ತದೆ. ೨೦೦೯ರಲ್ಲಿ ಕ್ಯಾಲಿಫೋರ್ನಿಯಾದ ಪ್ರಾದೇಶಿಕ ಜಲಗುಣ ನಿಯಂತ್ರಣ ಮಂಡಲಿಯು ಎಲ್ ಡೊರಾಡೋ ಜಿಲ್ಲೆಗೂ ಅರಣ್ಯ ಇಲಾಖೆಗೂ ಶುದ್ಧೀಕರಣದ ಆಜ್ಞೆಯೊಂದನ್ನು ಹೊರಡಿಸಿತು. ಕೊಚ್ಚಿಹೋಗುವ ಮಣ್ಣು, ಗಾಡಿಗಳಿಂದ ಸುರಿಯುವ ಎಣ್ಣೆ, ಮನುಷ್ಯರ ಮಲ, ಇವು ಬೆಟ್ಟದ ತೊರೆಗಳನ್ನು ಕೆಡಿಸುತ್ತಿವೆಯೆಂಬುದೇ ಅದರ ಕಾರಣ. ಒಂದು ಶತಮಾನಕ್ಕೂ ಮೀರಿದ ಸಾರ್ವಜನಿಕ ರಸ್ತೆಯ ಹಕ್ಕು ಗಾಡಿಗಳ ಒಡೆದ ಸೀಲುಗಳಿಂದಲೂ ಬಿರಿದ ಎಣ್ಣೆತೊಟ್ಟಿಗಳಿಂದಲೂ ಸಂಶಯಕ್ಕೀಡಾಯಿತು. ಆ ಬಳಿಕ ತೊರೆಗಳಿಗೆ ಸೇತುವೆಗಳಾದವು, ನೀರು ಹರಿಯಲು ಕಾಲುವೆಗಳಾದವು. ಸ್ವಯಂಸೇವಕರು ಗುದ್ದಲಿ ಹಿಡಿದು ದುಡಿದರು. ಚೆಲ್ಲಿದ ಎಣ್ಣೆಯನ್ನು ಹೀರಿಕೊಳ್ಳುವ ಬಟ್ಟೆಯ ಪೊಟ್ಟಣವನ್ನು ಒಯ್ಯುವುದು ಯಾತ್ರಿಕರ ರೂಢಿಯಾಯಿತು. ದಾರಿ ಉಳಿಯಿತು. ೧೮೮೭ರ ಘೋಷಣೆ ಕೊಟ್ಟದ್ದು ಹಕ್ಕನ್ನು. ಅದನ್ನು ಉಳಿಸಿಕೊಂಡದ್ದು ಪಾಲನೆ.

ಈ ಯಂತ್ರಕುಲ ನಮಗೆ ಅಪರಿಚಿತವೇನೂ ಅಲ್ಲ. ಮುಂಬಯಿಯ ಮಹೀಂದ್ರ ಸಂಸ್ಥೆ ೧೯೪೭ರಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿತು. ಅವುಗಳ ಸಂತತಿ ಇಂದಿಗೂ ಮಡಿಕೇರಿಯ ಮಾಂದಲಪಟ್ಟಿಗೂ, ಕೆಮ್ಮಣ್ಣುಗುಂಡಿಯ ಬಳಿಯ ಹೆಬ್ಬೆ ಜಲಪಾತಕ್ಕೂ ಪ್ರವಾಸಿಗರನ್ನು ಹೊತ್ತು ಏರುತ್ತಿದೆ. ಮಲೆನಾಡಿನಲ್ಲಿ ಬೆಳೆದ ಈ ಲೇಖಕನು, ಕಾಫಿತೋಟದ ಚಾಲಕರು ಕಡಿದಾದ ಇಳಿಜಾರಿನ ತುದಿಯಲ್ಲಿ ಜೀಪನ್ನು ನಿಲ್ಲಿಸಿ, ಕೆಳಗೇರಿಗೆ ಹಾಕಿ, ಬ್ರೇಕನ್ನು ಮುಟ್ಟದೆಯೇ ಇಳಿಸುವುದನ್ನು ಬಾಲ್ಯದಲ್ಲಿ ಕಂಡಿದ್ದಾನೆ. ಅವರಾರೂ ಪ್ರಮಾಣಗಳನ್ನು ಗುಣಿಸಿದವರಲ್ಲ. ತತ್ತ್ವ ಅವರ ಕೈಯಲ್ಲಿತ್ತು. ಆದರೆ ನಮ್ಮ ವಿದ್ಯಾರ್ಥಿಗಳು ಒಂದನ್ನು ಮರೆಯಕೂಡದು. ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮು, ತಯಾರಕನ ನಿರ್ದಿಷ್ಟ ವಿವರಗಳಿಗೆ ಭಿನ್ನವಾಗಿ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. ೨೦೧೯ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು. ಆದುದರಿಂದ ಅಲ್ಲಿನ ಉತ್ಸಾಹವನ್ನು ಇಲ್ಲಿನ ರಸ್ತೆಗೆ ಹಾಗೆಯೇ ತರಲಾಗದು. ಅದರ ಹಿಂದಿನ ಶಿಸ್ತನ್ನು ಮಾತ್ರ ಯಾವ ಅನುಮತಿಯೂ ಇಲ್ಲದೆ ಸ್ವೀಕರಿಸಬಹುದು.

ಅಮೆರಿಕದ ಜೀಪು ತಯಾರಕರು ೨೦೦೩ರ ಮಾದರಿಯೊಂದಕ್ಕೆ ‘ರೂಬಿಕಾನ್’ ಎಂದೇ ಹೆಸರಿಟ್ಟು, ಎರಡು ಅಚ್ಚುಗಳಿಗೂ ಲಾಕರುಗಳನ್ನೂ ೪ಕ್ಕೆ ೧ರ ಕೆಳಗೇರನ್ನೂ ಕಾರ್ಖಾನೆಯಲ್ಲಿಯೇ ಅಳವಡಿಸಿದರು. ಮನೆಯಂಗಳದಲ್ಲಿ ಅರ್ಧ ಶತಮಾನ ಕಾಲ ಪರೀಕ್ಷೆಗೊಳಗಾದ ವಿದ್ಯೆ ಹೀಗೆ ಕಾರ್ಖಾನೆಗೆ ಮರಳಿತು. ಇಂದು ಹಣವಿದ್ದವನು ಬಂಡೆಯೇರುವ ಗಾಡಿಯನ್ನು ಸಿದ್ಧವಾಗಿಯೇ ಕೊಳ್ಳಬಹುದು. ಆದರೆ ಯಾತ್ರೆ ಮುಗಿದ ಸಂಜೆ ದೀಪ ಹಿಡಿದು ಗಾಡಿಯ ಕೆಳಗೆ ನುಸುಳಿ, ಗಾಲಿಯ ಹಿಂಬದಿಯಲ್ಲಿ ಕಪ್ಪು ಗೆರೆ ಇದೆಯೋ ಇಲ್ಲವೋ ಎಂದು ನೋಡುವ ಕೆಲಸ ಮಾತ್ರ ಇಂದಿಗೂ ಮಾಲೀಕನ ಪಾಲಿನದೇ.